ಯಂತ್ರ ಸೋತ ಇಪ್ಪತ್ತಾರನೆಯ ನಡೆ

ಎರಡನೆಯ ವಿಷಲ್ಲೋ ಮೂರನೆಯದೋ, ಎಣಿಕೆ ತಪ್ಪಿತು, ಸ್ನಾನದ ಮನೆಯಿಂದ ಹೆಂಡತಿ ಸಮನ್ವಿತಾ ಕುಕ್ಕರ್ ಆರಿಸ್ರೀ ಅಂದಳು, ಆರಿಸಿ ಬಂದು ಚಿರಂತ್ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತ — ಮತ್ತೆ ಅದೇ ಇಪ್ಪತ್ತಾರನೆಯ ನಡೆ, ಆರು ವರ್ಷ ಕೂತು ತಾನೇ ಬರೆದ ಚೆಸ್ ಪ್ರೋಗ್ರಾಮು ಮೂಲೆಯ ಒಂದು ಪುಡಿ ಕಾಲಾಳಿನ ಆಸೆಗೆ ಬಿದ್ದು ಮಂತ್ರಿಯನ್ನು ಅಷ್ಟು ದೂರ ಕಳಿಸಿದೆ, ಇತ್ತ ಎದುರಾಳಿ ಗುರುಸಿದ್ದನ ಕುದುರೆ, ಆನೆ, ಮಂತ್ರಿ ಒಂದೊಂದಾಗಿ ರಾಜನ ಬಾಗಿಲಿಗೆ ಬಂದು ನಿಂತಿವೆ, ಕುರುಡನಿಗೂ ಕಾಣಬೇಕು, ಇದಕ್ಕೆ ಕಂಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಭಾನುವಾರ ಜಯನಗರದ ಕ್ಲಬ್ಬಿನಲ್ಲಿ ಅರವತ್ತು ಜನರೆದುರು ಅದು ಸೋತಾಗ ಅವನ ತಲೆಗೆ ಮೊದಲು ಹೊಳೆದದ್ದು ತನ್ನ ಕೆಲಸದಲ್ಲಿ ತಪ್ಪಿದೆ ಅಂತಲ್ಲ, ಈ ಮನುಷ್ಯ ಮೋಸ ಮಾಡಿದ್ದಾನೆ ಅಂತ — ಮಡಿವಾಳದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ಹಿಂದೆ ರಾಜ್ಯದ ಪರವಾಗಿ ಆಡಿದವನಂತೆ, ಆಡಿದ್ದರೇನು, ಎಲ್ಲೋ ಯಾರೋ ನಡೆ ಹೇಳಿಕೊಡುತ್ತಿರಬೇಕು, ಮೈಮೇಲೆ ಏನೋ ಇರಬೇಕು, ಸಾರ್ ಒಂದ್ಸಲ ಚೆಕ್ ಮಾಡಿಸಿಬಿಡಿ ಎಂದು ಸೆಕ್ರೆಟರಿ ಉಗ್ರಪ್ಪನವರ ಕಿವಿಯಲ್ಲಿ ಹೇಳಿದ್ದು ಬೇರೆ ಯಾರೂ ಅಲ್ಲ, ಇವನೇ. ಹತ್ತೂವರೆಗೆ ಕಮಿಟಿ, ಅನುಮಾನ ಇದೆ ಅಂತ ಒಂದು ಲೈನ್ ಬರೆದುಕೊಡಿ ಸಾಕು, ಅವನ ಹೆಸರು ಹೊಡೆದುಹಾಕ್ತೀವಿ, ಇನ್ನು ಯಾವ ಟೂರ್ನಮೆಂಟಿಗೂ ಬರಲ್ಲ, ಬೆಳಿಗ್ಗೆ ಫೋನಿನಲ್ಲಿ ಉಗ್ರಪ್ಪನವರು ಕಾಫಿ ಕುಡಿಯುತ್ತಲೇ ಅಂದರು. ಈಗ ಒಂಬತ್ತೂ ನಲವತ್ತು.

ಆದರೆ ತಪ್ಪು ಸಿಕ್ಕಿದೆಯಲ್ಲ, ಹಾಳಾದ್ದು, ಏಳು ಗಂಟೆಗೇ ಸಿಕ್ಕಿದೆ — ರಾಜನನ್ನು ಕ್ಯಾಸಲ್ ಮಾಡಿ ಮೂಲೆಗೆ ಸೇರಿಸಿದ ಮೇಲೆ ಅವನು ಕ್ಷೇಮ, ಅವನ ಲೆಕ್ಕ ಮತ್ತೆ ತೆಗೆಯಬೇಡ, ಎಂಬ ಒಂದೇ ಒಂದು ಸಾಲು, ನಾಲ್ಕು ವರ್ಷದ ಹಿಂದೆ ಪ್ರೋಗ್ರಾಮು ನಿಧಾನವಾಯಿತೆಂದು ಅವಸರಕ್ಕೆ ತಾನೇ ತುರುಕಿದ್ದು, ತುರುಕಿ ಮರೆತದ್ದು. ಆ ಸಾಲು ಅಳಿಸಿ ಆಡಿಸಿದರೆ ಮಂತ್ರಿ ಮನೆ ಬಿಟ್ಟು ಕದಲುವುದಿಲ್ಲ, ಮತ್ತೆ ಸೇರಿಸಿದರೆ ಕಾಲಾಳಿನ ಹಿಂದೆ ಓಡುತ್ತದೆ, ಹತ್ತು ಸಲ ನೋಡಿದ, ಹತ್ತು ಸಲವೂ ಹಾಗೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಟ ಮುಗಿದ ಕೂಡಲೇ ಗುರುಸಿದ್ದ ಹೇಳಿಯೂ ಇದ್ದ, ನಗುತ್ತ, ಪಾಠ ಹೇಳುವ ಹಾಗಲ್ಲ, ಜೊತೆಗಾರನಿಗೆ ಹೇಳುವ ಹಾಗೆ — ನಿಮ್ಮ ಮಿಷಿನ್ನು ರಾಜನ್ನ ಒಳಗೆ ಕೂರಿಸಿದ್ಮೇಲೆ ಆ ಕಡೆ ತಿರುಗೇ ನೋಡಲ್ಲ ಸಾರ್, ಮೂರು ಭಾನುವಾರದಿಂದ ಹಿಂದೆ ನಿಂತು ನೋಡ್ತಾ ಇದ್ದೆ. ಮೂರು ಭಾನುವಾರ ನಿಂತು ನೋಡಿದವನನ್ನು ಗೋಡೆಗೆ ನಿಲ್ಲಿಸಿ, ಮೆಟಲ್ ಡಿಟೆಕ್ಟರ್ ಹಿಡಿದ ಹುಡುಗಿ ಕೈ, ಸೊಂಟ, ಎದೆ — ಎದೆಯ ಹತ್ತಿರ ಅದು ಕುಂಯ್ ಅಂದಿತು, ಉಗ್ರಪ್ಪನವರು ಹತ್ತಿರ ಬಂದರು. ಶರ್ಟಿನೊಳಗೆ ಏನ್ರೀ. ಕರಡಿಗೆ ಸಾರ್, ಬೆಳ್ಳೀದು, ಒಳಗೆ ಲಿಂಗ ಇದೆ. ತೆಗೆದು ಟೇಬಲ್ ಮೇಲಿಡಿ. ಮೈಮೇಲಿಂದ ತೆಗೆಯೋ ಹಾಗಿಲ್ಲ ಸಾರ್. ತೆಗೀದಿದ್ರೆ ನಾವು ಏನಂತ ತಿಳ್ಕೊಳ್ಳೋದು.

ಚಿರಂತನಿಗೆ ಗೊತ್ತಿತ್ತು, ಅಯ್ಯೋ, ಆ ಹಾಲಿನಲ್ಲಿ ಅವನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ — ಅಜ್ಜಿ ಪಾರ್ವತಮ್ಮ, ಎಕ್ಸ್‌ರೇ ಕೋಣೆ, ಕೊರಳಲ್ಲಿರೋದೆಲ್ಲ ತೆಗೀರಿ ಅಂದದ್ದಕ್ಕೆ ಜೀವ ಬೇಕಾದ್ರೆ ತೆಗಿಯಪ್ಪ, ಇದನ್ನ ಮಾತ್ರ ಕೇಳಬೇಡ ಅಂದಿದ್ದಳು, ಅವಳ ಪರವಾಗಿ ಗಂಟಲು ಹರಿಯುವಂತೆ ಜಗಳವಾಡಿದ ಹದಿನೈದು ವರ್ಷದವನು ಇವನೇ, ಇವನ ಲಿಂಗವೂ ಇದೆ, ದೇವರ ಗೂಡಿನಲ್ಲಿ ಡಬ್ಬಿಯೊಳಗೆ. ಗುರುಸಿದ್ದ ಸುತ್ತ ನೋಡಿದ, ಕೊನೆಗೆ ಇವನನ್ನು ನೋಡಿದ. ಚಿರಂತ್ ಸಾರ್, ನೀವಾದ್ರೂ ಹೇಳಿ. ಇವನು ಫೋನ್ ನೋಡಿದ. ಏನೂ ಬಂದಿರಲಿಲ್ಲ ಫೋನಿನಲ್ಲಿ, ಆದರೂ ನೋಡಿದ.

ಬರೆದ ಈಗ, ಮೋಸ ನಡೆದಿಲ್ಲ, ತಪ್ಪು ಪ್ರೋಗ್ರಾಮಿನದು, ಪ್ರೋಗ್ರಾಮಿನದು ಅಳಿಸಿ ನನ್ನದು ಅಂತ ಹಾಕಿದ, ಸಾಲಿನ ನಂಬರ್ ಸಮೇತ, ಕಳಿಸಿದ, ಹೋಯಿತು, ಗುರುಸಿದ್ದನ ಹೆಸರು ಉಳಿಯಿತು, ಇನ್ನು ತಿಂಡಿಗೆ ಕೂರಬಹುದು — ಆದರೆ ಫೋನ್ ನೋಡುತ್ತ ನಿಂತ ಅದೊಂದನ್ನು ಬರೆಯಲಿಲ್ಲ, ಎಲ್ಲಿ ಬರೆಯುವುದು, ಯಾವ ನಡೆಯ ಕೆಳಗೆ, ಆಟ ಮುಗಿದ ಮೇಲಿನದಲ್ಲವೇ ಅದು, ಗುರುಸಿದ್ದನ ನಂಬರ್ ತೆಗೆದ, ರಿಂಗಾಗುತ್ತಿದೆ, ಎತ್ತಿದರೆ ಏನು ಹೇಳಲಿ, ಸಾಲು ಸಿಕ್ಕಿತು ಅನ್ನಲೇ, ನೀವು ಹೇಳಿದ್ದು ನಿಜ ಅನ್ನಲೇ — ಅವತ್ತು, ಯಾರೂ ತೆಗೆಯುವುದು ಬೇಡ ಅಂತ ಗುರುಸಿದ್ದ ತಾನೇ ಕರಡಿಗೆಯ ಮುಚ್ಚಳ ಬಿಚ್ಚಿದ, ಬಟ್ಟೆ ಸರಿಸಿದ, ಪೂಜೆಗೆ ಹಿಡಿಯುವ ಹಾಗೆಯೇ ಎಡ ಅಂಗೈಯಲ್ಲಿ ಇಟ್ಟುಕೊಂಡ, ಕೈ ಮುಂದೆ ಚಾಚಿದ, ಹುಡುಗಿ ಅದರ ಮೇಲೆ ಡಿಟೆಕ್ಟರ್ ಆಡಿಸಿದಳು, ಸದ್ದಿಲ್ಲ, ಹಲೋ ಯಾರು ಅನ್ನುತ್ತಿದೆ ಫೋನು, ಹಲೋ, ಆ ಎಡ ಅಂಗೈ, ಹಲೋ ಯಾರು ಮಾತಾಡ್ತಿರೋದು, ಚಾಚಿಕೊಂಡೇ ಇರುವ ಆ ಎಡ ಅಂಗೈ