ವಿದ್ಯಾರ್ಹತೆಯ ಮುಂದಿನ ಗೆರೆ

“ಅರ್ಜಿ ಬರೆಯೋಕೆ ಅಕ್ಕ ಬೇಕು, ಕೂರೋಕೆ ಫೋರ್‌ಮನ್ ಕುರ್ಚಿ ಬೇಕು! ಸಂಬಳಕ್ಕೆ ಹೆಬ್ಬೆಟ್ಟು ಒತ್ತೋಕಾದ್ರೂ ನೀನೇ ಬರ್ತೀಯೋ, ಅದಕ್ಕೂ ಅವಳನ್ನೇ ಕಳಿಸ್ತೀಯೋ?”

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಹದಿನಾಲ್ಕು ಜನ ಚಹಾ ಲೋಟ ಹಿಡಿದು ನಿಂತಿದ್ದರು. ಮ್ಯಾನೇಜರು ಫೋರ್‌ಮನ್ ಕೆಲಸಕ್ಕೆ ಮೆಕ್ಯಾನಿಕ್ ಹಾಕಿದ್ದ ಅರ್ಜಿಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ‘ಅನುಭವ’ ಎಂಬಲ್ಲಿ ಒಂಬತ್ತು ವರ್ಷದ ಕೆಲಸ ಇರುವೆ ಸಾಲಿನ ಹಾಗೆ ಹಾಳೆಯ ಅಂಚಿನವರೆಗೂ ಹರಿದಿತ್ತು. ‘ವಿದ್ಯಾರ್ಹತೆ’ಯ ಮುಂದೆ ಬರೀ ಒಂದು ಗೆರೆ.

“ಎಂಥಾ ನೇರ ಗೆರೆ ನೋಡ್ರಪ್ಪಾ. ಇವನ ಓದಿನಲ್ಲಿ ನೆಟ್ಟಗಿರೋದು ಇದೊಂದೇ!”

ಜನ ನಕ್ಕರು. ಅರ್ಧ ಜನ ನಗು ಬಂದು ನಕ್ಕರು, ಉಳಿದರ್ಧ ಮ್ಯಾನೇಜರು ನೋಡುತ್ತಿದ್ದಾರೆಂದು ನಕ್ಕರು. ಯಾರು ಯಾವ ಅರ್ಧ ಎಂದು ಮೆಕ್ಯಾನಿಕ್ ಒಬ್ಬೊಬ್ಬರ ಮುಖ ನೋಡಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ಅವನ ಹೆಸರೇ ‘ಗೆರೆ’ ಎಂದಾಯಿತು.

ಮನೆಗೆ ಬಂದವನೇ ಅಕ್ಕನ ಮೇಲೆ ಹರಿಹಾಯ್ದ. “ಆ ಗೆರೆ ಯಾಕೆ ಎಳೆದೆ? ಏಳನೇ ಕ್ಲಾಸು ಅಂತ ಬರೀಬಾರದಿತ್ತಾ?”

ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಏಳು ಅಂತ ಬರೆದಿದ್ರೆ ಏಳು ಸಲ ನಗ್ತಿದ್ರು. ಖಾಲಿ ಬಿಟ್ಟಿದ್ರೆ ಅಲ್ಲಿ ಇನ್ಯಾರಾದ್ರೂ ಇನ್ನೇನಾದ್ರೂ ಗೀಚ್ತಿದ್ರು. ಅದಕ್ಕೇ ಬೇಲಿ ಹಾಕ್ದೆ ಕಣೋ.”

ಅನುಮಾನ ಆ ಮನೆಗೆ ಹುಟ್ಟಿನಿಂದಲೇ ಬಂದ ಆಸ್ತಿ. ಬೇರೆ ಆಸ್ತಿ ಇರಲಿಲ್ಲವಾದ್ದರಿಂದ ಅಕ್ಕ ತಮ್ಮ ಇಬ್ಬರೂ ಜೋಪಾನವಾಗಿ ಕಾಪಾಡಿಕೊಂಡಿದ್ದರು.

ಶುಕ್ರವಾರ ಸಂದರ್ಶನ. ಒಳಗೆ ಮ್ಯಾನೇಜರು, ಪಕ್ಕದಲ್ಲಿ ಗುಮಾಸ್ತ. ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ: ಇಸ್ತ್ರಿ ಮುರಿಯದ ಅಂಗಿ, ತೊಡೆಯ ಮೇಲೆ ಡಿಪ್ಲೊಮಾ ಸರ್ಟಿಫಿಕೇಟಿನ ಫೈಲು.

“ಬಾಪ್ಪಾ, ಕೂತ್ಕೊ,” ಎಂದರು ಮ್ಯಾನೇಜರು. ಕೂತ್ಕೊ! ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅತಿ ವಿನಯ ಧೂರ್ತ ಲಕ್ಷಣ ಎಂದು ಸುಮ್ಮನೆ ಹೇಳಿದ್ದಾರೆಯೇ? ಅವನು ಕುರ್ಚಿಯ ತುದಿಯಲ್ಲಷ್ಟೇ ಕೂತ.

“ದೊಡ್ಡ ಮೋಟರ್ ಕೆಟ್ರೆ ನಿನಗೆ ಹೇಗೆ ಗೊತ್ತಾಗುತ್ತೆ?”

“ಉದ್ದದ ಸ್ಕ್ರೂಡ್ರೈವರ್ ತುದೀನ ಬೇರಿಂಗ್ ಮೇಲಿಟ್ಟು, ಹಿಡೀನ ಕಿವಿಗೆ ಒತ್ತಿ ಕೇಳ್ತೀನಿ ಸಾರ್. ಗೊರಕೆ ಹೊಡೆದ್ರೆ ಗ್ರೀಸ್ ಒಣಗಿದೆ. ಹಲ್ಲು ಕಡಿದ್ರೆ ಬೇರಿಂಗ್ ಸವೆದಿದೆ. ಬಿಕ್ಕಳಿಸಿದ್ರೆ…”

ಅಷ್ಟರಲ್ಲಿ ಗುಮಾಸ್ತನ ಪೆನ್ನು ಕಣ್ಣಿಗೆ ಬಿತ್ತು. ಕಾಳು ಹೆಕ್ಕುವ ಕೋಳಿಯ ಹಾಗೆ ಪ್ರತಿ ಮಾತನ್ನೂ ಹೆಕ್ಕಿ ಮುಂದಿನದಕ್ಕೆ ಕತ್ತು ಚಾಚಿ ನಿಂತಿತ್ತು. ಸಂದರ್ಶನದಲ್ಲಿ ಅಂಕ ಬರೆಯುತ್ತಾರೆ. ಇದೇನು, ಪಾಠ ಬರೆಯುತ್ತಿದ್ದಾರಲ್ಲ?

“ಹೇಳಪ್ಪಾ, ನಿಲ್ಲಿಸಿದ್ಯಾಕೆ? ನಿನ್ನ ಮಾತನ್ನ ಇಲ್ಲಿ ಯಾರೂ ಕದಿಯಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನುವ ಮೊದಲೇ ಮ್ಯಾನೇಜರು ಮುಟ್ಟಿಕೊಂಡಾಗಿತ್ತು.

“ಬಿಕ್ಕಳಿಕೆಗೆ ಸ್ಥಳದಲ್ಲೇ ನೋಡಿ ಹೇಳ್ಬೇಕು ಸಾರ್,” ಎಂದು ಬಾಯಿಗೆ ಬೀಗ ಹಾಕಿದ.

ಸೋಮವಾರ ಫೋರ್‌ಮನ್ ಕುರ್ಚಿಯಲ್ಲಿ ಇಸ್ತ್ರಿ ಅಂಗಿ ಕೂತಿತ್ತು. ಮೆಕ್ಯಾನಿಕ್ ಹಲ್ಲು ಕಚ್ಚಿಕೊಂಡ. ಸರಿ, ಓದಿದವನು, ತನಗೆ ಗೊತ್ತಿಲ್ಲದ್ದೂ ಅವನಿಗೆ ಗೊತ್ತಿರಬಹುದು ಎಂದು ಅರ್ಧ ಗಂಟೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗ ಹೊಸ ಫೋರ್‌ಮನ್ ದೊಡ್ಡ ಮೋಟರಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

“ಗೊರಕೆ ಏನಾದ್ರೂ ಹೊಡೀತಿದೆಯಾ ಅಂತ ಮೊದಲು ನೋಡಿ.”

ಗೊರಕೆ! ಯಾವ ಪುಸ್ತಕದಲ್ಲೂ ಇರದ ಮಾತು. ಕತ್ತಲ ಮೂಲೆಯಲ್ಲಿ ಕಿವಿ ಒಡ್ಡಿ ಒಡ್ಡಿ ಮೆಕ್ಯಾನಿಕ್ ತಾನೇ ಆ ಸದ್ದಿಗೆ ಇಟ್ಟ ಹೆಸರು. ಸಂದರ್ಶನದ ಕೋಣೆಯ ಹೊರಗೆ ಅದನ್ನು ಅವನು ಯಾರೆದುರೂ ಆಡಿದ್ದಿಲ್ಲ. ಫೋರ್‌ಮನ್ ಕೈಯಲ್ಲಿ ಟೈಪ್ ಮಾಡಿದ ಹಾಳೆಯೊಂದಿತ್ತು.

“ಆ ಮಾತು ಎಲ್ಲಿ ಕಲಿತ್ರಿ ಸಾರ್?”

ಫೋರ್‌ಮನ್‌ನ ಮುಖ ಸುಣ್ಣವಾಯಿತು. “ಮ್ಯಾನೇಜರ್ ಕೊಟ್ರು ಅಣ್ಣಾ. ಕಂಪನಿಯ ನಿಯಮಾವಳಿ ಅಂದ್ರು. ನಿಮ್ಮದು ಅಂತ ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.”

ಅದು ನಿಜವೂ ಇರಬಹುದು. ಮೆಕ್ಯಾನಿಕ್ ನಂಬಲಿಲ್ಲ.

ಹನ್ನೊಂದು ಗಂಟೆಗೆ ದೊಡ್ಡ ಮೋಟರ್ ಬಿಕ್ಕಳಿಸಿತು. ಒಂದು ಸಲ, ಎರಡು ಸಲ, ಆಮೇಲೆ ಬಿಡದೆ. ಫೋರ್‌ಮನ್ ಗಾಬರಿಯಿಂದ ಸ್ವಿಚ್ ಆರಿಸಿದ. ರಟ್ಟು ಅರ್ಧ ಕತ್ತರಿಸಿದಲ್ಲೇ ನಿಂತಿತು. ಹದಿನಾಲ್ಕು ಜನವೂ ಕೈಕಟ್ಟಿ ಸುತ್ತ ಸೇರಿದರು. ಮೆಕ್ಯಾನಿಕ್‌ಗೆ ದೂರದಿಂದಲೇ ಗೊತ್ತಾಗಿತ್ತು: ಬೆಲ್ಟು ತಿರುಗಿಸುವ ಚಕ್ರವನ್ನು ಮೋಟರಿನ ದಂಡಕ್ಕೆ ಬಿಗಿದಿಡುವ ಬೆರಳುದ್ದದ ಕೀಲು ಸಡಿಲವಾಗಿದೆ. ಹತ್ತು ನಿಮಿಷದ ಕೆಲಸ.

ಮ್ಯಾನೇಜರು ಓಡಿ ಬಂದು ಫೋರ್‌ಮನ್ ಕೈಯಿಂದ ಹಾಳೆ ಕಿತ್ತುಕೊಂಡರು. “ಏನಯ್ಯಾ ಇದು? ಬಿಕ್ಕಳಿಕೆ ಅಂತ ಇದೆ, ಮುಂದೆ ಏನೂ ಇಲ್ವಲ್ಲ!”

ಅಲ್ಲಿ ಗುಮಾಸ್ತ ಒಂದು ಗೆರೆ ಎಳೆದಿದ್ದ. ನೆಟ್ಟಗಿನ ಗೆರೆ.

“ಏಯ್ ಗೆರೆ! ಅಲ್ಲ… ಬಾಪ್ಪಾ ಇಲ್ಲಿ. ಮುಂದಿನ ಸಲ ನಿನ್ನನ್ನೇ ಫೋರ್‌ಮನ್ ಮಾಡೋಣ, ಆಯ್ತಾ? ಬಿಕ್ಕಳಿಕೆಗೆ ಏನು ಮಾಡ್ಬೇಕು, ಹೇಳು.”

ಈ ಸಲ ಯಾರೂ ನಗಲಿಲ್ಲ. ಮೆಕ್ಯಾನಿಕ್ ಹಾಳೆಯ ಮೇಲಿನ ಗೆರೆಯನ್ನು ಒಮ್ಮೆ ಕಣ್ಣು ತುಂಬ ನೋಡಿದ. ಕೈಯನ್ನು ಹಳೇ ಬಟ್ಟೆಯಲ್ಲಿ ಒರೆಸಿದ. ತನ್ನ ದುಡ್ಡಿನಲ್ಲೇ ಕೊಂಡಿದ್ದ ಉದ್ದದ ಸ್ಕ್ರೂಡ್ರೈವರನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

“ಹೇಳಯ್ಯಾ!”

ಅವನು ಆಗಲೇ ಕಾರ್ಖಾನೆಯ ಬಾಗಿಲು ದಾಟಿದ್ದ.