ಗೊಬ್ಬರ ಹಾಕದ ಪಾತಿ

"ಅಕ್ಕಾ, ಆ ಬುಟ್ಟಿ ಇನ್ನೊಮ್ಮೆ ಇಡಿ," ಎಂದಳು ಸುಪ್ರೀತಾ.

ಜಲಜಾಕ್ಷಿ ಮುಸುಕಿನ ಜೋಳದ ತೆನೆಗಳ ಬುಟ್ಟಿಯನ್ನು ಎತ್ತಿ ಮತ್ತೆ ತಕ್ಕಡಿಯ ಮೇಲಿಟ್ಟಳು. ತೂಕ ಬದಲಾಗಲಿಲ್ಲ. ಬದಲಾಗುವುದಾದರೂ ಹೇಗೆ? ಸಿಪ್ಪೆ ಸುಲಿದರೆ ತುದಿಯವರೆಗೂ ಕಾಳು ತುಂಬಿದ ತೆನೆಗಳು. ಒಳಗೊಳಗೇ ಹಿಗ್ಗುತ್ತಿದ್ದ ಜಲಜಾಕ್ಷಿಗೆ ಹುಡುಗಿಯ ಮುಖ ಯಾಕೆ ಬಾಡಿತೆಂದು ತಿಳಿಯಲಿಲ್ಲ.

ಸುಪ್ರೀತಾ ಕೃಷಿ ಕಾಲೇಜಿನಲ್ಲಿ ಎಂ.ಎಸ್ಸಿ. ಓದುವವಳು. ಮುಳ್ಳೇರಿಯದ ಹತ್ತಿರ ಜಲಜಾಕ್ಷಿಯ ಗದ್ದೆ ಭತ್ತ ಕೊಯ್ದ ಮೇಲೆ ಬೇಸಗೆಯಿಡೀ ಖಾಲಿ ಬಿದ್ದಿರುತ್ತಿತ್ತು. ಅದನ್ನು ಕೇಳಿ ಪಡೆದು, ಸಣ್ಣ ಸಣ್ಣ ಪಾತಿ ಮಾಡಿ ಜೋಳ ಬಿತ್ತಿದ್ದಳು. ಕೆಲವು ಪಾತಿಗೆ ಬರೀ ಯೂರಿಯಾ, ಕೆಲವಕ್ಕೆ ಯೂರಿಯಾದ ಜೊತೆ ಜಿಂಕ್, ಬೋರಾನ್. ನಡುನಡುವೆ ಮೂರು ಪಾತಿಗೆ ಮಾತ್ರ ಏನೂ ಇಲ್ಲ. "ಇದಕ್ಕೆ ನೀರು ಬಿಟ್ಟು ಎಂತದೂ ಬೇಡ" ಎಂದಷ್ಟೇ ಹೇಳಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಸುಪ್ರೀತಾ ವಾರಕ್ಕೊಮ್ಮೆ ಬಸ್ಸಿಳಿದು ಬಂದು, ಗಿಡ ಅಳೆದು, ಊಟ ಮಾಡಿ, ಮನೆಯ ಮಗಳ ಹಾಗೆ ಹರಟೆ ಹೊಡೆದು ಹೋಗುತ್ತಿದ್ದಳು. ಉಳಿದ ದಿನ ಗದ್ದೆ ನೋಡಿಕೊಳ್ಳುವುದು ಜಲಜಾಕ್ಷಿಯ ಪಾಲಿಗೆ.

"ನಂದೇ ತಪ್ಪು ಅಕ್ಕ. ಗೊಬ್ಬರ ಹಾಕುವಾಗ ಪಾತಿ ತಪ್ಪಿರ್ಬೇಕು. ಜಿಂಕ್ ಹಾಕಿದ್ದಕ್ಕೂ ಖಾಲಿ ಬಿಟ್ಟದ್ದಕ್ಕೂ ವ್ಯತ್ಯಾಸವೇ ಇಲ್ಲ. ಗಿಡ ಅಳೆಯುವಾಗಲೇ ಸಂಶಯ ಇತ್ತು, ತೂಕದಲ್ಲಾದ್ರೂ ಗೊತ್ತಾಗ್ತದೆ ಅಂತ ಎಣಿಸಿದ್ದೆ. ಕಾಲೇಜಿನ ಸರ್ ಮೊದಲೇ ಹೇಳಿದ್ರು, ನಿನಗೆ ಗಮನ ಸಾಲದು ಅಂತ."

"ಬೆಳೆ ಬಂದದ್ದು ಒಳ್ಳೇದಲ್ವಾ ಮಗಾ?"

"ಅಲ್ಲ ಅಕ್ಕ. ಹಾಕದ ಜೋಳ ಎಷ್ಟು ಸೊರಗ್ತದೆ ಅಂತ ಗೊತ್ತಾದ್ರೆ ಮಾತ್ರ, ಹಾಕಿದ ಗೊಬ್ಬರದಿಂದ ಎಷ್ಟು ಉಪಕಾರ ಆಯ್ತು ಅಂತ ಹೇಳ್ಲಿಕ್ಕೆ ಆಗುದು. ಅದು ಸೊರಗ್ಲೇಬೇಕಿತ್ತು."

ತಾನು ಮಾಡಿದ್ದು ಏನೆಂದು ಜಲಜಾಕ್ಷಿಗೆ ಆಗ ಹೊಳೆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಹುಡುಗಿ ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು, ಮೇಷ್ಟ್ರ ಎದುರು ಬೈಗುಳ ತಿನ್ನುವುದನ್ನು ನೆನೆದು ತಡೆಯಲಾಗಲಿಲ್ಲ.

"ನಾನು ಸ್ಲರಿ ಹಾಕಿದ್ದೆ ಮಗಾ."

ಸುಪ್ರೀತಾ ತಲೆಯೆತ್ತಿದಳು.

"ಗೋಬರ್ ಗ್ಯಾಸಿನ ಸ್ಲರಿ, ಆ ಸಗಣಿ ನೀರು. ಸುತ್ತ ಎಲ್ಲ ಕಡು ಹಸಿರು, ಆ ಖಾಲಿ ಪಾತಿಯ ಅಡಿಯ ಎಲೆ ಮಾತ್ರ ತುದಿಯಿಂದ ಹಳದಿ ಆಗ್ತಾ ಬಂತು. ಪಂಕ್ತಿಯಲ್ಲಿ ಕೂತವರಲ್ಲಿ ಒಬ್ಬರಿಗೆ ಬಡಿಸಿ ಪಕ್ಕದವರ ಎಲೆ ಬಿಟ್ಟು ಹೋಗುದುಂಟಾ? ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಗೊಬ್ಬರ ಸಾಕಾಗದೆ ನೀನು ಬಿಟ್ಟದ್ದು ಅಂತ ಎಣಿಸಿದೆ. ಹೇಳಿದ್ರೆ ನಿನಗೆ ನಾಚಿಕೆ ಆಗ್ತದೆ ಅಂತ ಹೇಳ್ಲಿಲ್ಲ."

ಸುಪ್ರೀತಾ ಅವಸರದಿಂದ ಪೆನ್ನು ತೆರೆದಳು. "ಎಷ್ಟು ಹಾಕಿದ್ರಿ? ಯಾವಾಗೆಲ್ಲ? ಅಳತೆ ನೆನಪುಂಟಾ ಅಕ್ಕ?"

"ಅಳತೆ ಎಂತದು ಮಗಾ? ಬಾಡಿದ್ದು ಕಂಡಾಗೆಲ್ಲ ಹಾಕಿದೆ."

ಪೆನ್ನು ಹಾಗೆಯೇ ನಿಂತಿತು. ನಾಲ್ಕು ಮಾತು ಬೈದಿದ್ದರೆ ಜಲಜಾಕ್ಷಿಗೆ ಹಗುರಾಗುತ್ತಿತ್ತು. ಹುಡುಗಿ ಬೈಯಲಿಲ್ಲ, ಕಣ್ಣೊರೆಸಿಕೊಂಡಳು.

"ನಾನು ಹೇಳ್ಬೇಕಿತ್ತು. ಇಷ್ಟು ಸಲ ನಿಮ್ಮ ಮನೆಯಲ್ಲಿ ಉಂಡೆ, ಯಾಕೆ ಖಾಲಿ ಬಿಟ್ಟದ್ದು ಅಂತ ಒಂದು ಮಾತು ಹೇಳ್ಲಿಲ್ಲ."

"ಇನ್ನೊಮ್ಮೆ ಬಿತ್ತುವ. ಆ ಪಾತಿಯ ಕಡೆ ನಾನು ತಿರುಗಿಯೂ ನೋಡುದಿಲ್ಲ."

"ಮಳೆ ಹತ್ತಿರ ಬಂತಲ್ಲ ಅಕ್ಕ. ಇನ್ನೊಂದು ಬೇಸಗೆ ಅಂದ್ರೆ ಇನ್ನೊಂದು ವರ್ಷ. ಮನೆಯಲ್ಲಿ ಒಪ್ಪುದಿಲ್ಲ. ಓದು ಇಲ್ಲಿಗೇ ನಿಲ್ತದೋ ಏನೋ."

ಜಲಜಾಕ್ಷಿ ಕೈ ಸುಮ್ಮನಿರಲಾರದೆ ಪಕ್ಕದ ಪಾತಿಗಿಳಿದು ತೆನೆ ಮುರಿಯತೊಡಗಿದಳು. ಸುಪ್ರೀತಾ ಬದುವಿನ ಮೇಲೆ ನಿಂತು ಫೋನು ಹಚ್ಚಿದಳು.

"ಸರ್, ಮುಳ್ಳೇರಿಯದ ಬೆಳೆ ಹಾಳಾಯಿತು."

ವರ್ಷಗಟ್ಟಲೆ ಬೇಸಾಯ ಮಾಡಿದ ಜಲಜಾಕ್ಷಿ ಇಷ್ಟು ಒಳ್ಳೆಯ ಬೆಳೆಯ ಬಗ್ಗೆ ಆ ಮಾತನ್ನು ಕೇಳಿದ್ದಿಲ್ಲ. ತಲೆಗಿಂತ ಎತ್ತರದ ಗಿಡಗಳ ನಡುವೆ ಅವಳು ಕಿವಿಗೊಟ್ಟು ನಿಂತಳು.

"ಕಾಡುಹಂದಿ ನುಗ್ಗಿದ್ದಲ್ಲ ಸರ್. ರೋಗವೂ ಅಲ್ಲ." ಹುಡುಗಿ ಗದ್ದೆಯ ಕಡೆ ತಿರುಗಿದಳು. ಜಲಜಾಕ್ಷಿ ತನ್ನ ಹೆಸರಿಗಾಗಿ ಕಾದಳು.

"ನನ್ನದೇ ತಪ್ಪು ಸರ್. ನಾನು ಗಮನ ಕೊಡ್ಲಿಲ್ಲ."

ಜಲಜಾಕ್ಷಿ ಸೆರಗಿನ ತುಂಬ ತೆನೆ ಹಿಡಿದು ಮೇಲೆ ಬಂದಳು. ಅವನ್ನು ತಕ್ಕಡಿಯ ಮೇಲಿಡುವುದೋ, ನೆಲಕ್ಕೆ ಸುರಿಯುವುದೋ ತಿಳಿಯದೆ ಹಾಗೆಯೇ ನಿಂತಳು.