ಕೊಳವೆ ಬಾಯಲ್ಲಿ, ಮಾತು ಬೆರಳಲ್ಲಿ

ಮಗ್ಗದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ರೇಡಿಯೊ ಅಂತಲೇ ಕರೆಯುತ್ತಿದ್ದರು. ಕೆಲಸ ಮುಗಿದು ಗೇಟು ದಾಟಿದನೆಂದರೆ ಮನೆ ಮುಟ್ಟುವ ತನಕ ಬಾಯಿಗೆ ಬಿಡುವಿಲ್ಲ. ಅಂಥ ಮಾತುಗಾರ ನ್ಯುಮೋನಿಯಾ ಜೋರಾಗಿ ಐಸಿಯು ಸೇರಿದ. ಬಾಯಲ್ಲಿ ಕೊಳವೆ, ಪಕ್ಕದಲ್ಲಿ ಉಸಿರಾಟದ ಯಂತ್ರ. ಕೊಳವೆ ಇರುವ ತನಕ ದನಿ ಹೊರಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಎಚ್ಚರ ಬಂದ ಮೇಲೆ ಶುರುವಾಯಿತು ನೋಡಿ ಅವನ ಒದ್ದಾಟ. ಕೊಳವೆ ಕಿತ್ತುಕೊಂಡಾನೆಂದು ಕೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ತಲೆ ಆಡಿಸುತ್ತಾನೆ, ಕಾಲು ಬಡಿಯುತ್ತಾನೆ, ಕಣ್ಣಲ್ಲಿ ನೀರು. ಹೆಂಡತಿ ಮಂಚದ ಬಳಿ ಓಡಿಬಂದಳು.

"ಏನಾಗ್ತಿದೆ? ನೋವಾ? ನೀರು ಬೇಕಾ? ಸೆಕೆನಾ? ಮಕ್ಕಳ ಚಿಂತೆನಾ?" ಎಂದು ಒಂದೇ ಉಸಿರಿಗೆ ಕೇಳಿದಳು. ಅವನು ಸೋತು ಕಣ್ಣು ಮುಚ್ಚಿದ.

"ಅವನಿಗೆ ತಲೆ ಸರಿ ಇಲ್ಲಮ್ಮ ಈಗ," ಎಂದರು ಅವಳ ಭಾವ, ಅಂದರೆ ರೇಡಿಯೊನ ಅಣ್ಣ. "ಸಿಸ್ಟರ್, ಮಲಗೋಕೆ ಏನಾದ್ರೂ ಕೊಟ್ಬಿಡಿ."

"ಕೊಡಬಹುದು ಅಣ್ಣಾ. ಆದ್ರೆ ಮತ್ತೆ ಮಂಪರು ಬಂದ್ರೆ ಮಿಷನ್ ಬಿಡಿಸೋದು ತಡ ಆಗುತ್ತೆ," ಎಂದಳು ನರ್ಸ್. "ಮೊದ್ಲು ಇವರು ಏನ್ ಹೇಳ್ತಿದಾರೆ ಕೇಳೋಣ."

"ಮಾತೇ ಆಡೋಕಾಗಲ್ಲ, ಏನ್ ಕೇಳ್ತೀರಿ?"

"ಕಣ್ಣಿದೆಯಲ್ಲ, ಕೈ ಇದೆಯಲ್ಲ!"

ಅವಳು ರೇಡಿಯೊನ ಮುಖದ ಎದುರಿಗೇ ಬಗ್ಗಿದಳು. "ಅಣ್ಣಾ, ಹೌದು ಅಂದ್ರೆ ನನ್ ಕೈ ಒತ್ತಿ. ಇಲ್ಲ ಅಂದ್ರೆ ಎರಡು ಸಲ ಕಣ್ಣು ಮಿಟುಕ್ಸಿ. ಉಸಿರಿಗೆ ಕಷ್ಟ ಆಗ್ತಿದೆಯಾ?" ಕೇಳಿ ಸುಮ್ಮನೆ ಕಾದಳು. ಅವನು ಎರಡು ಸಲ ಕಣ್ಣು ಮಿಟುಕಿಸಿದ.

ನರ್ಸ್ ಚಿತ್ರಗಳ ಹಲಗೆಯೊಂದನ್ನು ಹಿಡಿದಳು. ನೀರು, ಹೊದಿಕೆ, ಮನುಷ್ಯನ ಮೈ, ಎಲ್ಲ ಅದರಲ್ಲಿತ್ತು. ಅವನು ಹುಬ್ಬು ಗಂಟಿಕ್ಕಿದ. "ಇವರು ಕನ್ನಡಕ ಹಾಕ್ತಾರಾ ಅಕ್ಕಾ?"

ಹೆಂಡತಿ ಭಾವನ ಮುಖ ನೋಡಿದಳು. "ಕಳೆದುಹೋಗ್ಬಾರ್ದು ಅಂತ ಬೀರುನಲ್ಲಿ ಭದ್ರವಾಗಿ ಇಟ್ಟಿದೀನಿ," ಎಂದರು ಭಾವ.

"ಹಾಗಾದ್ರೆ ಬೀರುಗೆ ಚೆನ್ನಾಗಿ ಕಾಣ್ಸುತ್ತೆ ಬಿಡಿ!" ಎಂದು ನರ್ಸ್ ನಕ್ಕಳು. ಭಾವ ಮನೆಗೆ ಓಡಿದರು.

ಕನ್ನಡಕ ಬಂತು. ನರ್ಸ್ ಪಕ್ಕದಲ್ಲೇ ನಿಂತು ಒಂದು ಕೈಯ ಪಟ್ಟಿ ಬಿಚ್ಚಿದಳು. ಅವನ ಬೆರಳು ಹಲಗೆಯ ಮೇಲೆ ಹೋಗಿ ಬೆನ್ನಿನ ಚಿತ್ರ ಮುಟ್ಟಿತು. ಆಮೇಲೆ ಅವನು ಕಿರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ ಎಳೆದು ತೋರಿಸಿದ. "ಇದು ನಂಗೆ ಅರ್ಥ ಆಗ್ಲಿಲ್ವಲ್ಲ," ಎಂದಳು ನರ್ಸ್.

ಹೆಂಡತಿಗೆ ಅರ್ಥವಾಯಿತು. ಅವಳೂ ಅದೇ ಕಾರ್ಖಾನೆಯವಳು. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ, ಒಳಗೆ ಎಲ್ಲರ ಮಾತೂ ಕೈಸನ್ನೆಯಲ್ಲೇ.

"ಏನೋ ಸಿಕ್ಕಾಕೊಂಡಿದೆ ಅಂತಿದಾರೆ ಸಿಸ್ಟರ್! ಮಗ್ಗದಲ್ಲಿ ಏನಾದ್ರೂ ಸಿಕ್ಕೊಂಡ್ರೆ ಹೀಗೇ ತೋರಿಸ್ತೀವಿ."

ಮೆಲ್ಲಗೆ ಹೊರಳಿಸಿ ನೋಡಿದರೆ ಬೆನ್ನಡಿಯಲ್ಲಿ ಇಂಜೆಕ್ಷನ್ ಸೂಜಿಯ ಪುಟ್ಟ ಪ್ಲಾಸ್ಟಿಕ್ ಮುಚ್ಚಳ. ಒತ್ತಿ ಒತ್ತಿ ಚರ್ಮ ಕೆಂಪಾಗಿತ್ತು.

"ತಪ್ಪು ನಮ್ದೇ ಅಣ್ಣಾ, ಕ್ಷಮಿಸಿ," ಎಂದಳು ನರ್ಸ್. ನಮ್ಮದಲ್ಲ ಎಂದು ಜಾರಿಕೊಳ್ಳಬಹುದಿತ್ತು, ಜಾರಿಕೊಳ್ಳಲಿಲ್ಲ. ಹೆಂಡತಿಗೆ ಅವಳ ಮೇಲಿನ ಗೌರವ ಇಮ್ಮಡಿಯಾಯಿತು. ಅಷ್ಟಕ್ಕೇ ಬಿಡದೆ ನರ್ಸ್ ಕಾರ್ಖಾನೆಯ ಸನ್ನೆಗಳನ್ನೆಲ್ಲ ಕೇಳಿ ಕಲಿತು, ಮುಂದಿನ ಪಾಳಿಯವರಿಗೂ ತಿಳಿಯಲೆಂದು ಚಿತ್ರ ಬರೆದು ಮಂಚದ ತಲೆಯ ಬಳಿ ಅಂಟಿಸಿದಳು.

ರೇಡಿಯೊನ ಒದ್ದಾಟ ನಿಂತಿತು. ನಿದ್ದೆಯ ಔಷಧಿ ಬೇಕಾಗಲಿಲ್ಲ. ಅವನು ಹೆಂಡತಿಯನ್ನು ನೋಡಿ ಐದೂ ಬೆರಳು ಕೂಡಿಸಿ, ಹುಬ್ಬೇರಿಸಿದ.

"ಏನಂತೆ?" ಎಂದರು ಭಾವ.

"ನಂದು ಊಟ ಆಯ್ತಾ ಅಂತ ಕೇಳ್ತಿದಾರೆ," ಎನ್ನುತ್ತಾ ಅವಳು ಅತ್ತೇಬಿಟ್ಟಳು.

ಭಾವ ಕಣ್ಣೊರೆಸಿಕೊಂಡರು. "ಅವನ ತಲೆ ನೆಟ್ಟಗಿದೆ. ನಂದೇ ಸರಿ ಇರ್ಲಿಲ್ಲ."

ಬಂಧುಗಳೇ, ನಿಮ್ಮವರು ಯಾರಾದರೂ ಹೀಗೆ ಮಾತಿಲ್ಲದೆ ಮಲಗಿದ್ದರೆ, ಅವರ ಕನ್ನಡಕ, ಕಿವಿಯ ಯಂತ್ರ ಮನೆಯಲ್ಲಿ ಇರಬಾರದು, ನರ್ಸ್ ಕೈಗೆ ಕೊಡಿ. ಹೌದು, ಇಲ್ಲ ಎನ್ನಲು ಯಾವ ಸನ್ನೆ ಎಂದು ಅವರಲ್ಲೇ ಕೇಳಿಕೊಳ್ಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಆಮೇಲೆ ಕಾಯಿರಿ. ಕೈಪಟ್ಟಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ನಿಮ್ಮ ಮನೆಯವರ ರೂಢಿ, ಸನ್ನೆ ನಿಮಗಷ್ಟೇ ಗೊತ್ತು, ಅದನ್ನು ನರ್ಸ್‌ಗೆ ಹೇಳಿಕೊಡಿ. ನಿಮ್ಮ ಊಟ ಆಯಿತೋ ಇಲ್ಲವೋ ಎಂದು ಅವರೂ ಕೇಳಬೇಕೆಂದು ಕಾದಿರಬಹುದು.